ಅಕ್ಷರದಕ್ಕನ ಹಳದಿ ಕಾರ್ಡು

ಅವಳನ್ನು ಎಲ್ಲರೂ ಅಕ್ಷರದಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಗಂಡ ಕೂಡ ಕೋಪ ನೆತ್ತಿಗೇರಿದಾಗ ಬಾಯಿತಪ್ಪಿ ಹಾಗೇ ಕರೆದು, ಕಟ್ಟಿಕೊಂಡವಳನ್ನೇ ಅಕ್ಕ ಎಂದುಬಿಟ್ಟೆನಲ್ಲ ಎಂದು ತಾನೇ ನಕ್ಕು, ಜಗಳವನ್ನು ಅಲ್ಲಿಗೇ ಕೈಬಿಡುತ್ತಿದ್ದ. ಆ ಹೆಸರಿನ ದೆಸೆಯಿಂದ ಅವರ ಸಂಸಾರದಲ್ಲಿ ಎಷ್ಟು ಜಗಳಗಳು ಅರ್ಧಕ್ಕೇ ನಿಂತಿವೆಯೋ ಹೇಳುವವರಿಲ್ಲ.

ಹೆಸರು ಬಂದದ್ದು ಔಷಧಿ ಅಂಗಡಿಯಲ್ಲಿ. ಎರಡು ಬಸ್ಸು ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕಾದ ರಸ್ತೆ ಅದು. ಅಂಗಡಿಯೊಳಗೆ ಗಾಜಿನ ಕೌಂಟರು, ಅದರ ಹಿಂದೆ ಅವಳ ಎತ್ತರದ ಸ್ಟೂಲು, ಬಲಗೈಯ ಹತ್ತಿರ ಚಿಕ್ಕ ಬಿಳಿ ಚೀಟಿಗಳ ಕಟ್ಟು. ಡಾಕ್ಟರುಗಳ ಬರಹ ನಿಮಗೆ ಗೊತ್ತೇ ಇದೆ, ಬರೆದವರಿಗೇ ಮರುದಿನ ಓದಲು ಬರುವುದಿಲ್ಲ. ಅದನ್ನು ಅವಳು ಕಣ್ಣು ಕಿರಿದು ಮಾಡಿ ಓದಿ, ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟವಾದ ಮೇಲೆ’ ಎಂದು ಚೀಟಿಯ ಮೇಲೆ ಬರೆದು ಬಾಟಲಿಗೆ ಅಂಟಿಸಿದರೆ, ಕನ್ನಡಕ ಮನೆಯಲ್ಲೇ ಮರೆತು ಬಂದ ಮುದುಕರೂ ಓದಿಕೊಳ್ಳುತ್ತಿದ್ದರು. ಅಂಥ ದುಂಡು ಅಕ್ಷರ. ಎಂಥ ಅವಸರದಲ್ಲೂ ಸಾಲು ಓರೆಯಾಗುತ್ತಿರಲಿಲ್ಲ.

ಅವಳಿಗೆ ಇಪ್ಪತ್ತೇಳಾಗಿದ್ದಾಗ ಒಂದು ಸಂಜೆ ಉದ್ದನೆಯ ಸಣಕಲು ಮನುಷ್ಯರೊಬ್ಬರು ಕೆಮ್ಮುತ್ತಾ ಬಂದರು. ಕೆಮ್ಮಿನ ಔಷಧಿ ತೆಗೆದುಕೊಂಡು, ಬಾಟಲಿಯ ಮೇಲಿನ ಚೀಟಿಯನ್ನು ದೀಪದ ಕಡೆ ಹಿಡಿದು ನೋಡಿದರು. ಕೆಮ್ಮನ್ನೇ ಮರೆತವರಂತೆ ನೋಡುತ್ತಾ ನಿಂತರು.

“ಇದು ನಿಮ್ಮ ಕೈಬರಹಾನಾ?”

“ಹೌದು. ಯಾಕೆ, ತಪ್ಪಾಗಿದ್ಯಾ?”

“ಭಾನುವಾರ ಏನ್ಮಾಡ್ತೀರಿ ನೀವು?”

ಅಂಗಡಿಯ ಯಜಮಾನರು ಕನ್ನಡಕದ ಮೇಲಿಂದ ಕಣ್ಣು ಬಿಟ್ಟರು. ಹೊಸದಾಗಿ ಮದುವೆಯಾದ ಹೆಂಗಸಿಗೆ ಭಾನುವಾರದ ಸಮಾಚಾರ ಕೇಳುವ ಗಂಡಸನ್ನು ಹೇಗೆ ನೋಡಬೇಕೋ ಹಾಗೇ ನೋಡಿದರು.

“ಅಯ್ಯೋ, ಹಾಗಲ್ಲ ಸ್ವಾಮಿ,” ಎಂದರು ಆ ಮನುಷ್ಯ. “ನಾನು ಕುದುರೆಗಳಿಗೆ ಮಾರ್ಕ್ಸು ಕೊಡೋನು. ನಾನು ಹೇಳಿದ್ದನ್ನ ಬರ್ಕೊಳ್ಳೋಕೆ ಒಬ್ರು ಬೇಕು, ಅಷ್ಟೇ.”

ಅವರು ಡ್ರೆಸಾಜ್ ಎಂಬ ಕುದುರೆ ಸವಾರಿಯ ತೀರ್ಪುಗಾರರು. ಅದು ಓಟದ ಪಂದ್ಯವಲ್ಲ. ಉದ್ದನೆಯ ಮರಳಿನ ಅಂಗಳ, ಅದರ ಅಂಚಿಗೆ ಅಕ್ಷರ ಬರೆದ ಹಲಗೆಗಳು. ಇಂಥ ಅಕ್ಷರದಿಂದ ಇಂಥ ಅಕ್ಷರದವರೆಗೆ ಕುದುರೆ ಹೀಗೇ ನಡೆಯಬೇಕು, ಇಲ್ಲಿ ಕುಕ್ಕೋಟಕ್ಕೆ, ಅಂದರೆ ಕುಲುಕುವ ಸಣ್ಣ ಓಟಕ್ಕೆ, ಬರಬೇಕು, ಇಲ್ಲಿ ಅಲುಗದೆ ನಿಲ್ಲಬೇಕು. ಸವಾರ ಏನೂ ಮಾಡದೆ ಸುಮ್ಮನೆ ಕೂತ ಹಾಗೆ ಕಾಣಬೇಕು. ಏನೂ ಮಾಡದವರ ಹಾಗೆ ಕಾಣಲು ಹತ್ತು ವರ್ಷ ಬೆನ್ನು ಮುರಿಯುವಷ್ಟು ದುಡಿಯಬೇಕು. ಒಂದೊಂದು ನಡೆಗೂ ಹತ್ತರಲ್ಲಿ ಇಷ್ಟು ಎಂದು ಅಂಕ. ತೀರ್ಪುಗಾರರ ಕಣ್ಣು ಕುದುರೆಯಿಂದ ಈಚೆ ಬರಬಾರದು, ಹಾಗಾಗಿ ಅವರು ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿ ಕೂತವರು ಹಾಳೆಯ ಖಾನೆಗಳಲ್ಲಿ ತುಂಬುತ್ತಾ ಹೋಗುತ್ತಾರೆ. ಈ ತೀರ್ಪುಗಾರರಿಗೆ ಸವಾರರು ಇಟ್ಟಿದ್ದ ಅಡ್ಡಹೆಸರು ‘ಆರೂವರೆ’. ಕುದುರೆ ನರ್ತಿಸಲಿ, ಮುಗ್ಗರಿಸಲಿ, ಅವರ ಬಾಯಿಂದ ಬರುತ್ತಿದ್ದುದು ಬಹುತೇಕ ಅದೊಂದೇ.

ಬರೆಯುವವರು ಮಾತಾಡುವ ಹಾಗಿಲ್ಲ, ಮುಖ ಸಿಂಡರಿಸುವ ಹಾಗಿಲ್ಲ. ತಲೆಯೆತ್ತುವ ಹಾಗಂತೂ ಇಲ್ಲವೇ ಇಲ್ಲ. ಒಂದು ಸಲ ತಲೆಯೆತ್ತಿದರೆ ಎರಡು ಅಂಕ ಕೈತಪ್ಪಿ ಹೋಗುತ್ತವೆ. ಹೀಗಾಗಿ ಅಂಗಳದ ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ, ತೀರ್ಪುಗಾರರ ಮಗ್ಗುಲಲ್ಲೇ ಕೂತು, ಅಕ್ಷರದಕ್ಕ ಮೂವತ್ತೊಂದು ವರ್ಷದಲ್ಲಿ ಒಂದು ಕುದುರೆಯ ಆಟವನ್ನೂ ಮೊದಲಿಂದ ಕೊನೆಯವರೆಗೆ ನೋಡಲಿಲ್ಲ.

“ನಿಂದು ಸಿನಿಮಾಕ್ಕೆ ಹೋಗಿ ಬಾಗಿಲಲ್ಲಿ ಟಿಕೆಟ್ ಹರಿದು ಬಂದ ಹಾಗೆ,” ಎಂದು ಗಂಡ ಛೇಡಿಸುತ್ತಿದ್ದ. ಅವನದು ಬೀಗ ರಿಪೇರಿ ಅಂಗಡಿ. ಊರಿನ ಎಷ್ಟೋ ಮನೆಗಳ ಬಾಗಿಲು ತೆಗೆದುಕೊಟ್ಟು ಒಳಗೆ ಕಾಲಿಡದೆ ವಾಪಸು ಬಂದವನು ಈ ಮಾತು ಆಡುತ್ತಾನಲ್ಲ ಎಂದು ಅವಳಿಗೆ ನಗು ಬರುತ್ತಿತ್ತು.

ನೋಡದಿದ್ದರೇನು, ಕೇಳಿಸುತ್ತಿತ್ತು. ನಡಿಗೆಗೆ ನಾಲ್ಕು ಹೆಜ್ಜೆ ಸದ್ದು, ಕುಕ್ಕೋಟಕ್ಕೆ ಎರಡು, ನೆಗೆದೋಟಕ್ಕೆ ಮೂರು ಮತ್ತು ಒಂದು ಸಣ್ಣ ಮೌನ. ಆ ಮೌನದಲ್ಲಿ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ ಎಂದು ಆರೂವರೆ ಒಮ್ಮೆ ಹೇಳಿದ್ದರು. ಅಂದಿನಿಂದ ಆ ಮೌನ ಬಂದಾಗಲೆಲ್ಲ ಅವಳೂ ಕುರ್ಚಿಯಿಂದ ಒಂದು ಗೇಣು ಮೇಲೆದ್ದಂತಾಗುತ್ತಿತ್ತು. ಹಾಳೆಯ ಮೇಲೆ ಕೈ ತನ್ನ ಪಾಡಿಗೆ ಆರು, ಏಳು, ಆರೂವರೆ ಎಂದು ಬರೆಯುತ್ತಿತ್ತು. ಅವಳು ಮಾತ್ರ ಎಲ್ಲೋ ತೇಲಿ ಹೋಗುತ್ತಿದ್ದಳು. ಇದು ಹಲ್ಲು ಕಡಿಯುವ ಬೂದು ಕುದುರೆ, ಇದರ ಹಿಂಗಾಲು ಎಡಕ್ಕೆ ತುಸು ಭಾರ, ಇವತ್ತು ಇದಕ್ಕೆ ಮನಸ್ಸಿಲ್ಲ ಎಂದೆಲ್ಲ ಅವಳಿಗೆ ತಲೆ ತಗ್ಗಿಸಿದಲ್ಲೇ ತಿಳಿಯುತ್ತಿತ್ತು. ಕನಸಿನಲ್ಲಿ ಬರುವ ಕುದುರೆಗಳಿಗೂ ಬಣ್ಣ, ಆಕಾರ ಇರುತ್ತಿರಲಿಲ್ಲ. ದೂರದಿಂದ ಹೆಜ್ಜೆ ಬರುವುದು, ಹತ್ತಿರವಾಗುವುದು, ಹೆಗಲ ಮೇಲೆ ಬಿಸಿಯುಸಿರು ಬೀಳುವುದು, ಅಷ್ಟೇ. ಕನಸಿನಲ್ಲೂ ಅವಳು ತಲೆಯೆತ್ತುತ್ತಿರಲಿಲ್ಲ. ಎಚ್ಚರವಾದ ಮೇಲೆ, ಅಲ್ಲಾದರೂ ನೋಡಬಹುದಿತ್ತಲ್ಲ ಎಂದು ಹಳಹಳಿಸುತ್ತಾ ಸ್ಟೌ ಹಚ್ಚುತ್ತಿದ್ದಳು.

ಎರಡನೆಯ ವರ್ಷವೇ ಆರೂವರೆ ಒಂದು ಅರ್ಜಿ ತಂದುಕೊಟ್ಟಿದ್ದರು. ರಾಷ್ಟ್ರೀಯ ಡ್ರೆಸಾಜ್ ಸಂಘದ ಸದಸ್ಯತ್ವದ ಅರ್ಜಿ. ಸವಾರರಷ್ಟೇ ಅಲ್ಲ, ಅಂಗಳದಲ್ಲಿ ದುಡಿಯುವ ಯಾರು ಬೇಕಾದರೂ ಸದಸ್ಯರಾಗಬಹುದಿತ್ತು. ಮರಳು ಹದ ಮಾಡುವವರು, ಗೇಟು ಕಾಯುವವರು, ಬರೆಯುವವರು, ಎಲ್ಲರಿಗೂ ಒಂದೊಂದು ಮತ. ಅಲ್ಲಿಯವರೆಗೆ ಅವಳು ಸಹಿ ಮಾಡಿದ ಕಾಗದಗಳೆಲ್ಲ ಬೇರೆಯವರ ಕೆಲಸಕ್ಕೆ ಬೇಕಾದವು: ಮದುವೆಯ ದಾಖಲೆ, ಬಾಡಿಗೆ ಕರಾರು, ಅಂಗಡಿಯ ಹಾಜರಿ. ಇದೊಂದಕ್ಕೆ ಮಾತ್ರ ಆಸೆಪಟ್ಟು ಸಹಿ ಹಾಕಿದಳು. ‘ಸದಸ್ಯರ ಸಹಿ’ ಎಂದು ಅಚ್ಚಾಗಿದ್ದ ಸಾಲಿನ ಮೇಲೆ ಅವಳ ಸಹಿ ಅಂದು ಯಾವತ್ತಿಗಿಂತ ಸ್ವಲ್ಪ ದೊಡ್ಡದಾಗಿಯೇ ಬಿತ್ತು.

ಸಂಘದ ವಾರ್ಷಿಕ ಸಮ್ಮೇಳನಕ್ಕೆ ಮಾತ್ರ ಅವಳು ಬಹಳ ವರ್ಷ ಹೋಗಲಿಲ್ಲ. ಅದೆಲ್ಲ ಸವಾರರ ಸಡಗರ, ತನಗೇಕೆ ಎಂದುಕೊಂಡಳು. ಒಂಬತ್ತು ವರ್ಷದ ಕೆಳಗೆ ನಡಾವಳಿ ಬರೆಯುತ್ತಿದ್ದ ಗುಮಾಸ್ತರು ಕೆಲಸ ಬಿಟ್ಟರು. ಆಗ ಯಾರಿಗೋ ಅವಳ ನೆನಪಾಯಿತು. ಅಂದಿನಿಂದ ಪ್ರತಿ ವರ್ಷ ಅವಳು ರೈಲು ಹತ್ತಿ ಹೋಗಿ, ವೇದಿಕೆಯ ಕೆಳಗೆ ಒಂದು ಪುಟ್ಟ ಮೇಜಿನಲ್ಲಿ ಕೂತು, ಮೂರು ದಿನ ಬರೆದು ಬರುತ್ತಿದ್ದಳು.

ಈ ಸಲದ ಸಮ್ಮೇಳನಕ್ಕೆ ಒಂದು ತಿಂಗಳಿರುವಾಗ ಕಾರ್ಯಸೂಚಿ ಅಂಚೆಯಲ್ಲಿ ಬಂತು. ಹದಿನೇಳನೆಯ ವಿಷಯಕ್ಕೆ ಬಂದು ಅವಳ ಕಣ್ಣು ಅಲ್ಲೇ ನಿಂತಿತು. ಒಂದು ಸಲವಾದರೂ ಸ್ಪರ್ಧೆಯಲ್ಲಿ ಕುದುರೆ ಏರದವರು ಇನ್ನು ಮುಂದೆ ಸದಸ್ಯರಲ್ಲ, ಅವರನ್ನು ಸಂಘದ ‘ಹಿತೈಷಿ’ಗಳೆಂದು ಗೌರವಿಸಲಾಗುವುದು, ಹಿತೈಷಿಗಳಿಗೆ ಮತವಿರುವುದಿಲ್ಲ. ಹೊರಗೆ ಹಾಕುವಾಗ ಗೌರವ ಎಂಬ ಪದ ಎಷ್ಟು ಚೆನ್ನಾಗಿ ಕೆಲಸಕ್ಕೆ ಬರುತ್ತದೆ ನೋಡಿ.

ಕಾರಣ ಇಲ್ಲದಿರಲಿಲ್ಲ. ಹಿಂದಿನ ವರ್ಷ ಸವಾರರು ಬೇಸಿಗೆಯ ಸ್ಪರ್ಧೆಗಳನ್ನು ಬೆಳಿಗ್ಗೆ ಐದಕ್ಕೇ ಶುರುಮಾಡಬೇಕೆಂದು ಕೇಳಿದ್ದರು. ದುಡಿಯುವವರೆಲ್ಲ ಒಟ್ಟಾಗಿ ಕೈಯೆತ್ತಿ ಅದನ್ನು ಬೀಳಿಸಿದ್ದರು. ಅದರ ಉರಿ ಇನ್ನೂ ಆರಿರಲಿಲ್ಲ. ಹೊಸ ಠರಾವು ತಂದವಳು ಬೂದು ಕುದುರೆಯ ಸವಾರಳು. ಕೈಗವಸಿನ ಮೇಲೆ ಒಂದು ಕಲೆಯನ್ನೂ ಸಹಿಸದ ಕಾರಣಕ್ಕೆ ‘ಬಿಳಿಗವಸು’ ಎಂದು ಹೆಸರಾದವಳು.

“ಹಿತೈಷಿ ಅಂದ್ರೆ ಯಾರೇ ಅದು? ಆಮಂತ್ರಣ ಪತ್ರದ ಕೊನೇಲಿ ಹಾಕ್ತಾರಲ್ಲ, ಬಂಧುಮಿತ್ರರು ಆದ್ಮೇಲೆ, ಅವರಾ?” ಎಂದು ಗಂಡ ಕಾಗದ ಓದಿ ನಕ್ಕ. ಅವಳು ನಗಲಿಲ್ಲ. ಅವನು ಕಾಗದ ಕೆಳಗಿಟ್ಟ.

“ಅಷ್ಟೊಂದು ಬೇಜಾರಾಯ್ತಾ?”

“ಮಿಕ್ಕ ಕಡೆಯೆಲ್ಲ ನಾನು ಯಾರದ್ದೋ ಏನೋ ಆಗಿದೀನಿ ಕಣ್ರೀ. ನಿಮ್ಮ ಹೆಂಡ್ತಿ, ನಿಮ್ಮಮ್ಮನ ಸೊಸೆ, ಯಜಮಾನ್ರ ಅಂಗಡಿಯವಳು. ಇದೊಂದು ಕಡೆ ನಾನು ನಾನೇ ಆಗಿದ್ದೆ.”

ಅವನು ಕಾಗದವನ್ನು ಮತ್ತೆ ಎತ್ತಿಕೊಂಡು ಹದಿನೇಳನೆಯ ವಿಷಯ ಇನ್ನೊಮ್ಮೆ ಓದಿದ. ಅದನ್ನು ಮಡಚಿ ಅವಳ ಕೈಗೆ ಕೊಟ್ಟು, “ಹಾಗಾದ್ರೆ ಅಲ್ಲಿ ಹೋಗಿ ಮಾತಾಡು,” ಎಂದ.

ಮಾತಾಡುತ್ತೇನೆ ಎಂದುಕೊಂಡೇ ಅವಳು ರೈಲು ಹತ್ತಿದಳು. ಕಿಟಕಿಯ ಪಕ್ಕ ಕೂತು ನಾಲ್ಕು ವಾಕ್ಯ ಹೊಂದಿಸಿಕೊಂಡಳು. ‘ನಾವು ಕುದುರೆ ಏರಿಲ್ಲ, ನಿಜ’ ಎಂದು ಮೊದಲನೆಯದು. ಉಳಿದ ಮೂರೂ ಅಷ್ಟೇ ಚೆನ್ನಾಗಿದ್ದವು. ಹಳಿಯ ಮೇಲೆ ಗಾಲಿಯ ಸದ್ದು ನೆಗೆದೋಟದ ಹೆಜ್ಜೆಯಂತೆ ಕೇಳಿಸಿ, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಅವಳು ಅರ್ಧ ನಿದ್ದೆಯಲ್ಲೇ ಹೋದಳು. ಎಚ್ಚರವಾದಾಗ ವಾಕ್ಯಗಳು ನಾಲ್ಕೂ ಜಾಗದಲ್ಲೇ ಇದ್ದವು, ಸದ್ಯ.

ಸಮ್ಮೇಳನ ನಡೆಯುವುದು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ, ಹಗಲೋ ಸಂಜೆಯೋ ಗೊತ್ತಾಗುವುದಿಲ್ಲ. ನೆಲದ ತುಂಬ ದಪ್ಪ ಜಮಖಾನೆ. ಯಾರ ಹೆಜ್ಜೆಯೂ ಕೇಳಿಸದೆ ಜನರೆಲ್ಲ ನೀರಿನಲ್ಲಿ ಓಡಾಡಿದಂತಿತ್ತು. ಹೆಜ್ಜೆ ಕೇಳಿ ಜೀವ ಸವೆಸಿದ ಅಕ್ಷರದಕ್ಕನಿಗೆ ಇಲ್ಲಿ ಯಾವಾಗಲೂ ಒಂದು ಬಗೆಯ ಮಂಪರು ಕವಿಯುತ್ತಿತ್ತು. ಮೂರು ದಿನ ಎಲ್ಲಿ ನೋಡಿದರೂ ಒಂದು ಕುದುರೆಯಿಲ್ಲ. ಕೊರಳಲ್ಲಿ ಗುರುತುಚೀಟಿ ತೂಗುಹಾಕಿಕೊಂಡ ಮನುಷ್ಯರು ಕುದುರೆಗಳ ಪರವಾಗಿ ಒಬ್ಬರ ಮೇಲೊಬ್ಬರು ಹರಿಹಾಯುತ್ತಿರುತ್ತಾರೆ. ಚಾಟಿ ಎಷ್ಟುದ್ದ ಇರಬೇಕು ಎಂದು ಒಂದು ಉಪಸಮಿತಿ. ಆ ಉಪಸಮಿತಿ ಕೊಟ್ಟ ವರದಿ ಎಷ್ಟುದ್ದ ಇರಬೇಕು ಎಂದು ಇನ್ನೊಂದು. ಅವಳು ಎಲ್ಲವನ್ನೂ ದುಂಡಗೆ ಬರೆದಳು.

ಮೂರನೆಯ ದಿನ ಬೆಳಿಗ್ಗೆ ಹದಿನೇಳನೆಯ ವಿಷಯ ಬಂತು. ಅಧ್ಯಕ್ಷರು ಮೈಕು ತಟ್ಟಿದರು. ಅವರು ವೃತ್ತಿಯಲ್ಲಿ ಹಲ್ಲಿನ ವೈದ್ಯರು. ಕ್ಲಿನಿಕ್ಕಿನಲ್ಲಿ ಬಾಯಿ ತೆರೆಸುವುದು, ಇಲ್ಲಿ ಮುಚ್ಚಿಸುವುದು, ಎರಡರಲ್ಲೂ ಪಳಗಿದ ಕೈ. ಹಾಜರಿ ಪುಸ್ತಕದಲ್ಲಿ ಮತವಿರುವ ಸದಸ್ಯರು ನೂರಿಪ್ಪತ್ತೇಳು. ನಿಯಮಾವಳಿ ಬದಲಾಗಬೇಕಾದರೆ ಬಿದ್ದ ಮತಗಳಲ್ಲಿ ಮೂರರಲ್ಲಿ ಎರಡು ಪಾಲು ಪರವಾಗಿರಬೇಕು.

ಬಿಳಿಗವಸು ಎದ್ದು ನಿಂತಳು. ಅವಳ ಮಾತು ಅವಳ ಸವಾರಿಯಂತೆಯೇ, ಎಲ್ಲೂ ಲಗಾಮು ಸಡಿಲವಿಲ್ಲ.

“ನನಗೆ ಯಾರ ಮೇಲೂ ಕೋಪ ಇಲ್ಲ. ಆದ್ರೆ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ಬೇಯೋದು ನನ್ನ ಕುದುರೆ. ಅದರ ಬಾಯಲ್ಲಿ ನೊರೆ ಬರೋದನ್ನ ನೋಡ್ತಾ ಕೂರೋದು ನಾನು. ಬೆನ್ನ ಮೇಲೆ ಕೂತು ಗೊತ್ತಿಲ್ಲದವರು ಅದರ ಹಣೆಬರಹ ನಿರ್ಧಾರ ಮಾಡೋದು ನ್ಯಾಯಾನಾ?”

ಚಪ್ಪಾಳೆ ಬಿತ್ತು. ಸುಳ್ಳು ಹೇಳಲಿಲ್ಲ ಅವಳು, ಅದೇ ಅಕ್ಷರದಕ್ಕನಿಗೆ ಸಂಕಟ. ಬೂದು ಕುದುರೆ ಬಿಸಿಲಿನಲ್ಲಿ ಹೇಗೆ ಏದುಸಿರು ಬಿಡುತ್ತದೆಂದು ಈ ಸಭೆಯಲ್ಲಿ ತನ್ನಷ್ಟು ಚೆನ್ನಾಗಿ ಕೇಳಿಸಿಕೊಂಡವರು ಯಾರಿದ್ದರು?

ಆಮೇಲೆ ಮರಳು ಮಾವ ಎದ್ದ. ಅಂಗಳದ ಮರಳನ್ನು ನಲವತ್ತು ವರ್ಷದಿಂದ ಹದ ಮಾಡುತ್ತಿರುವವನು, ಅವಳ ಓರಗೆಯ ಹೆಂಗಸರಿಗೆಲ್ಲ ಮಾವ. ಮೈಕನ್ನು ಹಾರೆ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡ.

“ಮೊದಲ ಬಸ್ಸು ಬರೋದೇ ಆರಕ್ಕೆ. ಐದಕ್ಕೆ ಕುದುರೆ ಇಳೀಬೇಕು ಅಂದ್ರೆ ನಾನು ಮೂರಕ್ಕೆ ಮರಳು ಗೀರಬೇಕು. ನಡ್ಕೊಂಡು ಬರ್ಲಾ? ಒಂದು ಗಾಡಿ ಕಳಿಸಿ ಅಂತ ಕೇಳಿದ್ವಿ, ಅದನ್ನ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನಾನು ಕುದುರೆ ಹತ್ತಿಲ್ಲ, ಸರಿ. ಆದ್ರೆ ನಿಮ್ಮ ಕುದುರೆ ಕಾಲು ಇಡೋದು ಎಲ್ಲಿ? ನಾನು... ಅಂದ್ರೆ ನಾವು...” ಮಾತು ಅಲ್ಲಿಗೆ ಹೂತುಹೋಯಿತು. ಯಾರೋ ಕಿಸಕ್ಕೆಂದರು. ಮಾವನ ಮುಖ ಸಣ್ಣದಾಯಿತು. ಕೂರುವ ಮುಂಚೆ ಅವನು ಪುಟ್ಟ ಮೇಜಿನ ಕಡೆ ನೋಡಿದ. ನೀನಾದರೂ ಹೇಳೇ ಅಕ್ಕ ಎನ್ನುವಂತೆ.

ಆ ನೋಟ ಅವಳಿಗೆ ಕಾಣಲಿಲ್ಲ. ಅವಳು ‘ಒಂದು ಗಾಡಿ ಕಳಿಸಿ’ ಎಂಬಲ್ಲಿದ್ದಳು. ರೈಲಿನ ನಾಲ್ಕು ವಾಕ್ಯ ಗಂಟಲಲ್ಲೇ ಇದ್ದವು. ಇವನ ಮಾತು ಬರೆದು ಮುಗಿಸಿ ಏಳೋಣ ಎಂದುಕೊಂಡಳು. ಅಷ್ಟರಲ್ಲಿ ಇನ್ನೊಬ್ಬರು ಶುರುಮಾಡಿದರು. ಅವರದನ್ನು ಬರೆದು ಮುಗಿಸಿ ಎಂದುಕೊಂಡಳು. ಮಾತಿನ ಮೇಲೆ ಮಾತು ಬರುತ್ತಲೇ ಇತ್ತು. ಕೈ ಬರೆಯುತ್ತಿದ್ದರೆ ಮನಸ್ಸು ಹಳೆಯ ರೂಢಿಯಂತೆ ತೇಲಿತು. ಜಮಖಾನೆ ಮರಳಾಯಿತು. ಒಬ್ಬೊಬ್ಬರ ದನಿಗೂ ಹೆಜ್ಜೆ ಮೂಡಿತು. ಅಧ್ಯಕ್ಷರದು ನಾಲ್ಕು ಹೆಜ್ಜೆಯ ನಿಧಾನ ನಡಿಗೆ, ಬಿಳಿಗವಸಿನದು ಬಿಗಿ ಕುಕ್ಕೋಟ, ಇನ್ಯಾರದ್ದೋ ಎಡವುವ ಓಟ. ಹೆಗಲ ಮೇಲೆ ಬಿಸಿಯುಸಿರು ಬಿದ್ದಂತಾಯಿತು. ಎಷ್ಟು ಹಿತವಾಗಿತ್ತೆಂದರೆ, ಇಲ್ಲಿ ತೀರ್ಮಾನವಾಗುತ್ತಿರುವುದು ತನ್ನದೇ ಸಂಗತಿ ಎಂಬುದೂ ಅರೆಗಳಿಗೆ ಮರೆತುಹೋಯಿತು.

“ಪರವಾಗಿರೋರು ಕಾರ್ಡ್ ಎತ್ತಿ. ನಾನು ಎಣಿಸೋವರೆಗೂ ಇಳಿಸಬೇಡಿ,” ಎಂದರು ಅಧ್ಯಕ್ಷರು. ಪ್ರತಿ ಸದಸ್ಯರಿಗೂ ಒಂದು ಹಳದಿ ಕಾರ್ಡು ಕೊಟ್ಟಿರುತ್ತಾರೆ. ಅಧ್ಯಕ್ಷರು ಮುಂದಿನ ಸಾಲಿನಿಂದ ಹಿಂದಿನವರೆಗೆ ಒಬ್ಬೊಬ್ಬರ ಕಡೆಗೂ ಬೆರಳು ಮಾಡಿ ಗಟ್ಟಿಯಾಗಿ ಎಣಿಸಿದರು. ಎಂಬತ್ತನಾಲ್ಕು. ಅವಳು ಬರೆದಳು. ‘ವಿರುದ್ಧ’ ಎಂದು ಬರೆದು, ಎರಡು ಚುಕ್ಕಿಯಿಟ್ಟು, ಪೆನ್ನಿನ ತುದಿಯನ್ನು ಹಾಳೆಗೆ ಮುಟ್ಟಿಸಿ ಕಾದಳು. ನಲವತ್ತೆರಡು. ಬರೆದಳು. ತಟಸ್ಥರು ಯಾರಾದರೂ ಇದ್ದೀರಾ? ಯಾರೂ ಇಲ್ಲ. ಅದನ್ನೂ ಬರೆದಳು.

“ಒಟ್ಟು ನೂರಿಪ್ಪತ್ತಾರು. ಮೂರರಲ್ಲಿ ಎರಡು ಪಾಲು ಅಂದ್ರೆ ಎಂಬತ್ತನಾಲ್ಕು. ಕರೆಕ್ಟಾಗಿ ಇದೆ. ಠರಾವು ಪಾಸಾಯ್ತು.”

ಚಪ್ಪಾಳೆ, ಕುರ್ಚಿ ಸರಿದ ಸದ್ದು. ಹಿಂದಿನ ಸಾಲುಗಳಲ್ಲಿ ಕೂತಿದ್ದ ದುಡಿಯುವವರು ಕಾರ್ಡುಗಳನ್ನು ಮಡಿಲಿಗೆ ಇಳಿಸಿಕೊಂಡರು. ಅವಳು ಪುಟದ ಮೇಲ್ತುದಿಗೆ ಹೋಗಿ ಹಾಜರಿ ಸರಿನೋಡಿದಳು. ನೂರಿಪ್ಪತ್ತೇಳು. ಕೆಳಗೆ ನೂರಿಪ್ಪತ್ತಾರು. ಔಷಧಿ ಅಂಗಡಿಯವಳಿಗೆ ಒಂದು ಮಾತ್ರೆ ಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಯಾರು ತಪ್ಪಿದರು ಎಂದು ಯೋಚಿಸುತ್ತಾ, ಸಾಲು ಓರೆಯಾಗದಿರಲೆಂದು ಅಡಿಗಿಟ್ಟುಕೊಂಡಿದ್ದ ಪಟ್ಟಿಯನ್ನು ಕೆಳಕ್ಕೆ ಸರಿಸಿದಳು. ಅದು ಅವಳ ಹಳದಿ ಕಾರ್ಡು.

ಅವಳು ಕೈಯೆತ್ತಿರಲೇ ಇಲ್ಲ. ಈ ವರ್ಷ ಮಾತ್ರವಲ್ಲ. ಒಂಬತ್ತು ವರ್ಷವೂ ಅವಳು ಹಳದಿ ಕಾರ್ಡನ್ನು ಸಾಲಿನ ಕೆಳಗಿಟ್ಟುಕೊಂಡು ಬೇರೆಯವರ ಕೈಗಳನ್ನು ಬರೆದಿದ್ದಳು. ಒಂಬತ್ತು ವರ್ಷವೂ ಒಂದು ಮತ ಕಡಿಮೆ ಬಂದಿರಬೇಕು. ಇಷ್ಟು ಜನರಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಹೋಗಲಿ, ಅವಳೇ ಗಮನಿಸಿರಲಿಲ್ಲ. ತನ್ನನ್ನು ಇವರು ಹೊರಗೆ ಹಾಕುವುದೇನು ಬಂತು, ತಾನೇ ತನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವಲ್ಲ ಎಂದು ಅವಳಿಗೆ ಅಳು ಒತ್ತಿಕೊಂಡು ಬಂತು. ಅವಮಾನವಾಯಿತು. ಆ ಅವಮಾನಕ್ಕೆ ಬೈಯಲು ಯಾರೂ ಸಿಗಲಿಲ್ಲ.

ಅಂಗಳದಲ್ಲಿ ಬರೆಯುವವರು ಬಾಯಿ ತೆರೆಯಬಹುದಾದ ಸಂದರ್ಭ ಒಂದೇ ಒಂದಿದೆ. ತೀರ್ಪುಗಾರರು ಯಾವುದೋ ನಡೆಗೆ ಅಂಕ ಹೇಳಲು ಮರೆತಿದ್ದರೆ, ಹಾಳೆಗೆ ಸಹಿ ಬೀಳುವ ಮುಂಚೆ ಅದನ್ನು ತಿಳಿಸಲೇಬೇಕು. ಸಹಿ ಬಿದ್ದ ಮೇಲೆ ತಿಳಿಸಿ ಪ್ರಯೋಜನವಿಲ್ಲ. ಅಧ್ಯಕ್ಷರು ಕೈ ಚಾಚಿದ್ದರು, ಪುಟಕ್ಕೆ ಸಹಿ ಹಾಕಲು. ಅವಳು ಪುಟ ಕೊಡಲಿಲ್ಲ. ಎದ್ದು ನಿಂತಳು. ರೈಲಿನ ನಾಲ್ಕು ವಾಕ್ಯದಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಒಂದು ಖಾನೆ ಖಾಲಿ ಇದೆ,” ಎಂದಳು.

“ಏನಮ್ಮಾ?” ಎಂದರು ಅಧ್ಯಕ್ಷರು.

ಮುಂದಿನ ಸಾಲಿನಲ್ಲಿ ಆರೂವರೆ ಕೂತಿದ್ದರು. ಎಂಬತ್ತಾರರ ಮುದುಕ, ಮೂರು ದಿನದಿಂದ ಗಲ್ಲವನ್ನು ಎದೆಗೆ ಆನಿಸಿ ನಿದ್ದೆಹೋಗಿದ್ದವರು. ಚಪ್ಪಾಳೆಗೆ ಏಳದವರು ಈ ಮಾತಿಗೆ ಥಟ್ಟನೆ ತಲೆಯೆತ್ತಿ, ಅರೆಗಣ್ಣಿನಲ್ಲೇ, ಅಂಗಳದಲ್ಲಿ ಕೇಳುತ್ತಿದ್ದ ಹಾಗೇ ಕೇಳಿದರು:

“ಯಾವುದು?”

“ನಂದು.”

ಅವಳು ಹಳದಿ ಕಾರ್ಡು ತೋರಿಸಿದಳು. “ನಾನು ಬರೀತಾ ಇದ್ದೆ. ಎತ್ತೋಕೆ ಮರೆತೆ.”

“ಫಲಿತಾಂಶ ಹೇಳಿ ಆಯ್ತಲ್ಲಮ್ಮ,” ಎಂದರು ಅಧ್ಯಕ್ಷರು, ಹಲ್ಲು ಕಿತ್ತ ಮೇಲೆ ನೋವು ಎಂದವರಿಗೆ ಸಮಾಧಾನ ಹೇಳುವ ದನಿಯಲ್ಲಿ. “ಈಗ ಹೇಳಿದ್ರೆ ಹೇಗೆ?”

“ಸಹಿ ಆಗಿದ್ಯಾ?” ಎಂದರು ಆರೂವರೆ. ಅವರಿಗೆ ಈಗ ಪೂರ್ತಿ ಎಚ್ಚರವಾಗಿತ್ತು.

“ಇನ್ನೂ ಇಲ್ಲ ಸಾರ್, ಆದ್ರೆ...”

“ಸಹಿ ಆಗದಿದ್ರೆ ಹಾಳೆ ಇನ್ನೂ ಮೇಜಿನ ಮೇಲಿದೆ. ತುಂಬಬೇಕು. ಇಷ್ಟು ವರ್ಷ ಆ ಹುಡುಗಿ ಒಂದು ಖಾಲಿ ಖಾನೆ ಬಿಟ್ಟು ನನ್ನ ಕೈಗೆ ಹಾಳೆ ಕೊಟ್ಟಿಲ್ಲ. ನೀನು ಅವಳ ಕೈಯಲ್ಲಿ ಕೊಡಿಸ್ತೀಯಾ?”

ಐವತ್ತೆಂಟರ ಅಕ್ಷರದಕ್ಕನನ್ನು ಹುಡುಗಿ ಎಂದದ್ದಕ್ಕೆ ಹಿಂದೆ ಯಾರೋ ನಕ್ಕರು. ಅಧ್ಯಕ್ಷರು ಬಿಳಿಗವಸಿನ ಕಡೆ ನೋಡಿದರು. ಇನ್ನೊಂದು ಮತ ವಿರುದ್ಧ ಬಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಒಟ್ಟು ನೂರಿಪ್ಪತ್ತೇಳಾಗುತ್ತದೆ, ಎಂಬತ್ತನಾಲ್ಕು ಸಾಲದಾಗುತ್ತದೆ. ಬಿಳಿಗವಸಿಗೆ ಸಿಟ್ಟು ಬಂದಿತ್ತು, ಕಿವಿ ಕೆಂಪಾಗಿತ್ತು. ಬೇಡ ಎಂದಿದ್ದರೆ ಅರ್ಧ ಸಭೆ ಅವಳ ಹಿಂದೆ ನಿಲ್ಲುತ್ತಿತ್ತು. ಆದರೆ ಅವಳು ಹತ್ತು ವರ್ಷ ಅಕ್ಷರದಕ್ಕ ತುಂಬಿದ ಅಂಕದ ಹಾಳೆಗಳನ್ನು ಕೈಯಲ್ಲಿ ಹಿಡಿದು ಒಂದೊಂದು ಖಾನೆಗೂ ಎದೆ ಹೊಡೆದುಕೊಂಡವಳು.

“ಹಾಕ್ಲಿ,” ಎಂದಳು. “ಖಾನೆ ಖಾಲಿ ಇರೋ ಹಾಳೇಲಿ ಗೆದ್ದೆ ಅಂತ ನಾನು ಮನೇಗೆ ಹೋಗಲ್ಲ.”

“ಸರಿ. ನಿಮ್ಮ ಮತ?” ಎಂದರು ಅಧ್ಯಕ್ಷರು.

“ವಿರುದ್ಧ.”

ಅಷ್ಟು ಹೇಳಿ ಅವಳು ಕೂತು, ನಲವತ್ತೆರಡನ್ನು ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ನಲವತ್ಮೂರು ಎಂದು ಬರೆದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳ ಅಂಕಿ ಓರೆಯಾಗಿ ಬಿತ್ತು. ಹಿಂದಿನ ಸಾಲುಗಳಲ್ಲಿ ಗಲಾಟೆಯೋ ಗಲಾಟೆ. ಮರಳು ಮಾವ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಾನೆಂದು ಯಾರೋ ಕೂಗಿದರು.

ಅಧ್ಯಕ್ಷರು ಮೈಕು ತಟ್ಟಿ ತಟ್ಟಿ ಸಾಕಾಗಿ, ಠರಾವು ಬಿದ್ದುಹೋಯಿತೆಂದು ಹೇಳಿ, ಬೆವರೊರೆಸಿಕೊಂಡರು. “ಹದಿನೆಂಟನೇ ವಿಷಯ. ಕುದುರೆ ಜೀನಿನ ಬಟ್ಟೆ ಮೇಲಿನ ಸಂಖ್ಯೆ ಒಂದು ಕಡೆ ಇರಬೇಕೋ ಎರಡೂ ಕಡೆ ಇರಬೇಕೋ. ಬರ್ಕೊಳ್ಳಿ ಅಕ್ಕ.”

ಅವಳು ಪೆನ್ನು ಎತ್ತಿದಳು. ಹಾಳೆಯ ಮೇಲಿಡದೆ ಹಾಗೇ ಹಿಡಿದುಕೊಂಡಳು.

“ಇನ್ನುಳಿದಿದ್ದು ಬೇರೆ ಯಾರಾದ್ರೂ ಬರೀರಿ. ನಾನು ಅಲ್ಲಿ ಹೋಗಿ ಕೂತ್ಕೋತೀನಿ.”

ಯಾರೂ ಮುಂದೆ ಬರಲಿಲ್ಲ. ಬರೆಯುವ ಕೆಲಸ ಎಂದರೆ ಎಲ್ಲರಿಗೂ ಷೂ ಲೇಸು ಸಡಿಲವಾಗಿಬಿಡುತ್ತದೆ, ಬಗ್ಗಿಬಿಡುತ್ತಾರೆ. ಕೊನೆಗೆ ಬಿಳಿಗವಸೇ ಬಂದಳು.

“ನನ್ನ ಅಕ್ಷರ ಅಷ್ಟು ಚೆನ್ನಾಗಿಲ್ಲ.”

“ಗೊತ್ತು. ನೀವು ಕೈಯಲ್ಲಿ ಬರೆದುಕೊಟ್ಟ ಠರಾವನ್ನ ಮೂರು ಸಲ ಓದಿದ ಮೇಲೆ ಅರ್ಥ ಆಯ್ತು,” ಎಂದಳು ಅಕ್ಷರದಕ್ಕ. ಅವಳು ಇಷ್ಟು ಜನರ ಮುಂದೆ ತಮಾಷೆ ಮಾಡಿದ್ದು ಅದೇ ಮೊದಲು. ಬಿಳಿಗವಸಿಗೂ ನಗು ತಡೆಯಲಾಗಲಿಲ್ಲ. ಪೆನ್ನು ತೆಗೆದುಕೊಂಡು ಪುಟ್ಟ ಮೇಜಿಗೆ ಕೂತು ತಲೆ ತಗ್ಗಿಸಿದಳು.

ಅಕ್ಷರದಕ್ಕ ನಡುವಿನ ದಾರಿಯಲ್ಲಿ ನಡೆದುಹೋಗಿ ಮರಳು ಮಾವನ ಪಕ್ಕದಲ್ಲಿ ಕೂತಳು. ಖಾಲಿ ಕೈಗಳನ್ನು ಎಲ್ಲಿಡಬೇಕೋ ತೋಚಲಿಲ್ಲ. ಒಂದು ಸಲ ಮಡಿಲಲ್ಲಿಟ್ಟಳು, ಒಂದು ಸಲ ಕಟ್ಟಿಕೊಂಡಳು. ಸಭೆ ಎಷ್ಟು ದೊಡ್ಡದು ಎಂದು ಅವಳಿಗೆ ಈಗ ಕಾಣಿಸಿತು. ಇಷ್ಟು ಮುಖಗಳಿದ್ದವಾ? ಒಂಬತ್ತು ವರ್ಷದಿಂದ ಬರಿಯ ದನಿಗಳಾಗಿದ್ದವರಿಗೆಲ್ಲ ಮೂಗು, ಕಣ್ಣು, ಬೋಳುತಲೆ ಬಂದಿದ್ದವು. ಗಡಸು ದನಿಯವರೊಬ್ಬರು ಗಿಡ್ಡಕ್ಕೆ, ಗುಂಡಗೆ, ಮಗುವಿನ ಕೆನ್ನೆಯವರಾಗಿದ್ದರು. ಕನಸಿನೊಳಗೆ ಯಾರೋ ದೀಪ ಹಾಕಿದ ಹಾಗಾಗಿ ಅವಳು ಒಬ್ಬೊಬ್ಬರನ್ನೇ ನೋಡುತ್ತಾ ಕೂತಳು. ಜೀನಿನ ಬಟ್ಟೆಯ ಸಂಖ್ಯೆಯ ಬಗ್ಗೆ ಅರ್ಧ ಗಂಟೆ ಚರ್ಚೆಯಾಯಿತು. ಅಂಥ ನೀರಸ ಚರ್ಚೆಯನ್ನು ಇಷ್ಟು ಆಸೆಯಿಂದ ಕೇಳಿದವರು ಆ ಸಂಘದ ಚರಿತ್ರೆಯಲ್ಲೇ ಇರಲಿಕ್ಕಿಲ್ಲ.

“ಎರಡೂ ಕಡೆ ಇರ್ಲಿ ಅನ್ನೋರು ಕಾರ್ಡ್ ಎತ್ತಿ.”

ಅವಳು ಎತ್ತಿದಳು. ತೋಳು ಕಿವಿಗೆ ತಾಗುವಷ್ಟು ನೆಟ್ಟಗೆ ಎತ್ತಿದಳು. ಅಧ್ಯಕ್ಷರ ಬೆರಳು ಮುಂದಿನ ಸಾಲಿನಿಂದ ಹೊರಟು, ಒಬ್ಬೊಬ್ಬರ ಮೇಲೂ ನಿಂತು, ಸಾಲು ಸಾಲು ದಾಟಿ ಹಿಂದಕ್ಕೆ ಬಂತು. ಮೂವತ್ತಾರು ಎಂದರು ಯಾರಿಗೋ. ಮೂವತ್ತೇಳು ಎಂದರು ಮರಳು ಮಾವನಿಗೆ. ಆಮೇಲೆ ಅವಳ ಮುಖವನ್ನೇ ನೋಡಿ, ಅವಳ ಕಡೆಗೇ ಬೆರಳು ಮಾಡಿ, “ಮೂವತ್ತೆಂಟು” ಎಂದರು.

ಬೆರಳು ಮುಂದೆ ಹೋಯಿತು. ಎಣಿಕೆ ಕೊನೆಯ ಸಾಲು ತಲುಪಿ ಮುಗಿಯಿತು. ಒಂದೊಂದಾಗಿ ಕಾರ್ಡುಗಳು ಕೆಳಗಿಳಿದವು. ಅಕ್ಷರದಕ್ಕ ಇಳಿಸಲಿಲ್ಲ.

ಮರಳು ಮಾವ ಮೊಣಕೈಯಿಂದ ಮೆಲ್ಲಗೆ ತಿವಿದ. “ಎಣಿಸಿ ಆಯ್ತು ಕಣೇ ಅಕ್ಕ. ಕೈ ಇಳಿಸು.”

“ಇರ್ಲಿ ಬಿಡು ಮಾವ,” ಎಂದಳು. “ಇನ್ನೊಂದ್ ಸ್ವಲ್ಪ ಹೊತ್ತು.”